ಸೊಳ್ಳೆ ಬತ್ತಿ, ಲಿಕ್ವಿಡ್, ಬೇವಿನ ಹೊಗೆ, ಪರದೆ: ಹುಬ್ಬಳ್ಳಿಯ ಒಂದು ಮಳೆಗಾಲದ ಹೋಲಿಕೆ

ಹುಬ್ಬಳ್ಳಿಯ ನಮ್ಮ ಓಣಿಗೆ ಮಲಪ್ರಭೆಯ ನೀರು ಕೆಲವು ದಿನಗಳಿಗೊಮ್ಮೆ ಬರುವುದರಿಂದ ಟಾಕಿ, ಬ್ಯಾರಲ್, ಕೊಡಗಳಲ್ಲಿ ನೀರು ತುಂಬಿಟ್ಟುಕೊಳ್ಳುವುದು ಎಲ್ಲ ಮನೆಗಳ ರೂಢಿ. ಆ ನೀರಿನಲ್ಲಿಯೇ ಗುಂಗಾಡುಗಳೂ, ಅಂದರೆ ಸೊಳ್ಳೆಗಳೂ, ಹುಟ್ಟುತ್ತವೆ. ಕಳೆದ ಮಳೆಗಾಲದಲ್ಲಿ ಮಗಳ ಕೆಮ್ಮು ರಾತ್ರಿ ಹೊತ್ತು ಹೆಚ್ಚಾದಾಗ, ಅವಳು ಮಲಗುವ ಕೋಣೆಯಲ್ಲಿ ನಾವು ಉರಿಸುತ್ತಿರುವುದೇನು ಎಂಬ ಚಿಂತೆ ಹತ್ತಿತು. ಜೂನ್‌ನಿಂದ ಅಕ್ಟೋಬರ್‌ವರೆಗೆ ನಾಲ್ಕು ಉಪಾಯಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದೆ.

ಸೊಳ್ಳೆ ಬತ್ತಿ ಅಗ್ಗ, ಕರೆಂಟು ಹೋದರೂ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ಪೈರೆಥ್ರಾಯ್ಡ್ ಕೀಟನಾಶಕದ ಪಾಲು ಅತ್ಯಲ್ಪ. ಉಳಿದದ್ದೆಲ್ಲ ಮರದ ಹೊಟ್ಟಿನಂಥ ಉರಿಯುವ ಪುಡಿ ಮತ್ತು ಅಂಟು. ಒಂದು ಬತ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯಲ್ಲಿರುವಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿದೆ. ಇದನ್ನು ಓದಿದ ದಿನವೇ ಬತ್ತಿಯನ್ನು ಬಿಟ್ಟೆವು.

ಲಿಕ್ವಿಡ್ ಯಂತ್ರದಲ್ಲಿ ಹೊಗೆಯಿಲ್ಲ ಎಂಬುದು ನಿಜವಾದ ಲಾಭ, ಮಗಳ ಕೆಮ್ಮೂ ತುಸು ಇಳಿಯಿತು. ಆದರೂ ಟ್ರಾನ್ಸ್‌ಫ್ಲುಥ್ರಿನ್‌ನಂಥ ಕೀಟನಾಶಕವೇ ಆವಿಯಾಗಿ ಕೋಣೆಯಲ್ಲಿ ತುಂಬುತ್ತದೆ. ಕಿಟಕಿ ಮುಚ್ಚಿ ಮಲಗಿದ ದಿನ ನನಗೆ ತಲೆ ಭಾರವಾಗುತ್ತಿತ್ತು, ತೆರೆದರೆ ಸೊಳ್ಳೆಗಳು ಮರಳುತ್ತಿದ್ದವು. ಇಂಥ ರಾಸಾಯನಿಕಗಳು ಮೀನುಗಳಿಗೆ ಬಹಳ ವಿಷಕಾರಿಯಾದ ಕಾರಣ ಅಕ್ವೇರಿಯಂ ಇರುವ ಕೋಣೆಯಲ್ಲಿ ಇದು ಸಲ್ಲದು. 1968ರ ಕೀಟನಾಶಕ ಕಾಯ್ದೆಯಂತೆ ಮನೆಬಳಕೆಯ ಕೀಟನಾಶಕಕ್ಕೂ ನೋಂದಣಿ ಬೇಕು. ಸಂತೆಯಲ್ಲಿ ಕೊಂಡ ಸೊಳ್ಳೆ ಅಗರಬತ್ತಿಯ ಮೇಲೆ ನೋಂದಣಿ ಸಂಖ್ಯೆ ಕಾಣದಿದ್ದಾಗ ಅದನ್ನು ಹಚ್ಚಲೇ ಇಲ್ಲ.

ಬೇವಿನ ಹೊಗೆಯ ಬಗ್ಗೆ ನನಗೆ ದೊಡ್ಡ ಭರವಸೆಯಿತ್ತು. "ಬೇವಿನ ತಪ್ಪಲದ ಹೊಗಿ ಹಾಕವ್ವ, ಗುಂಗಾಡು ಹತ್ರನೂ ಸುಳಿಯಂಗಿಲ್ಲ" ಎಂದು ಗದಗ ಕಡೆಯ ಹಳ್ಳಿಯಲ್ಲಿ ಬೆಳೆದ ನಮ್ಮ ಅತ್ತೆಯವರು ಹೇಳುತ್ತಲೇ ಇದ್ದರು. ಒಣಗಿದ ಬೇವಿನ ಎಲೆಯನ್ನು ಕುಳ್ಳಿನ ಕೆಂಡದ ಮೇಲೆ ಹಾಕಿದಾಗ ಸೊಳ್ಳೆಗಳು ಹೋದವು ನಿಜ, ಸುಮಾರು ಒಂದು ತಾಸಿನಲ್ಲಿ ತಿರುಗಿ ಬಂದವು. ಮಗಳ ಕೆಮ್ಮು ಮಾತ್ರ ಮೊದಲಿಗಿಂತ ಜೋರಾಯಿತು. ಎಲೆ ಯಾವುದೇ ಇರಲಿ, ಅದು ಅರೆಬರೆ ಉರಿದಾಗ ಸೂಕ್ಷ್ಮ ಕಣಗಳೂ ಕಾರ್ಬನ್ ಮೊನಾಕ್ಸೈಡೂ ಹೊರಬರುತ್ತವೆ. ಹಿತ್ತಲಿನ ಗಿಡದ್ದು ಎಂಬ ಮಾತ್ರಕ್ಕೆ ಹೊಗೆಯನ್ನು ಔಷಧವೆಂದು ನಂಬಿದ್ದು ನನ್ನ ತಪ್ಪು. ಹಳ್ಳಿಯ ತೆರೆದ ಪಡಸಾಲೆಯಲ್ಲಿ ಹಾಕುತ್ತಿದ್ದ ಹೊಗೆಗೂ ನಮ್ಮ ಹತ್ತಡಿಯ ಕೋಣೆಯಲ್ಲಿ ನಿಲ್ಲುವ ಹೊಗೆಗೂ ವ್ಯತ್ಯಾಸವಿದೆ ಎಂಬುದನ್ನು ಅತ್ತೆಯವರೂ ಒಪ್ಪಿಕೊಂಡರು.

ಕೊನೆಗೆ ಮಚ್ಚರದಾನಿ, ಅಂದರೆ ಸೊಳ್ಳೆ ಪರದೆ, ಕಟ್ಟಿದೆವು. ಅಂಚುಗಳನ್ನು ಗಾದಿಯ ಕೆಳಗೆ ಸರಿಯಾಗಿ ಸಿಕ್ಕಿಸಿದರೆ ಒಂದೂ ಸೊಳ್ಳೆ ಒಳಬರುವುದಿಲ್ಲ, ಉಸಿರಿಗೆ ಯಾವ ರಾಸಾಯನಿಕವೂ ಸೇರುವುದಿಲ್ಲ. ಫ್ಯಾನಿನ ಗಾಳಿ ಕಡಿಮೆ ತಾಗುವುದರಿಂದ ಅಕ್ಟೋಬರ್‌ನ ಬಿಸಿಲಿಗೆ ಸೆಕೆಯಾಯಿತಾದರೂ ನಾನು ಆರಿಸುವುದು ಇದನ್ನೇ.

ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಪರದೆಯ ಹೊರಗೆ ನಾವು ಓಡಾಡುವ ಹೊತ್ತಿನಲ್ಲಿ. ಅದಕ್ಕೆ ಉತ್ತರವಿರುವುದು ಟಾಕಿಯಲ್ಲಿಯೇ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು; ವಾರಕ್ಕೊಮ್ಮೆ ಟಾಕಿ ಬರಿದು ಮಾಡಿದರೆ ಮರಿಗಳು ರೆಕ್ಕೆ ಕಟ್ಟುವ ಮೊದಲೇ ಹೋಗುತ್ತವೆ. ಬರಿದು ಮಾಡಿದರಷ್ಟೇ ಸಾಲದು, ಏಕೆಂದರೆ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಬಲ್ಲವು; ಬ್ರಶ್ಶಿನಿಂದ ತಿಕ್ಕಬೇಕು. ನೀರಿಗೆ ಇಷ್ಟು ಬರವಿರುವ ಊರಿನಲ್ಲಿ ತುಂಬಿದ ಟಾಕಿಯನ್ನು ಚೆಲ್ಲಲು ಮನಸ್ಸಾಗದು. ಆದ್ದರಿಂದ ನಳ ಬರುವ ದಿನ ಮುಂಜಾನೆ, ತಳದಲ್ಲಿ ನಾಲ್ಕೈದು ಕೊಡ ಮಾತ್ರ ಉಳಿದಿರುವಾಗ, ಆ ನೀರನ್ನು ಗಿಡಗಳಿಗೆ ಹಾಕಿ, ಟಾಕಿಯ ಗೋಡೆಗಳನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬಿದ ಮೇಲೆ ಬಾಯಿಗೆ ದಟ್ಟ ಬಟ್ಟೆ ಬಿಗಿದು ಮುಚ್ಚಳ ಹಾಕುತ್ತೇವೆ.