ಅತ್ತಿಗೆಯ ಜೊತೆ ಗಡ್‌ಬಡ್: ಮಂಗಳೂರು ಲಾಲ್‌ಬಾಗ್‌ನ ಪಬ್ಬಾಸ್

ಪಬ್ಬಾಸ್ ಬಗ್ಗೆ ಮಂಗಳೂರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1975ರಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಮ್‌ನವರದೇ ಪಾರ್ಲರ್. ಎಲ್ಲದರಲ್ಲೂ ತಪ್ಪು ಹುಡುಕುವ ನೆಂಟರ ಜೊತೆ ಕೂರಲು ಇದು ಎಷ್ಟು ಒಳ್ಳೆಯ ಜಾಗ ಅಂತ ಹೇಳಲು ಬರೆಯುತ್ತಿದ್ದೇನೆ.

ನನ್ನ ಗಂಡನ ಅಕ್ಕ ಮನೆಗೆ ಬಂದರೆ ಮೊದಲು ಅಡುಗೆಮನೆಗೆ ಹೋಗುತ್ತಾರೆ. ಪುಳಿಮುಂಚಿಗೆ ಹುಳಿ ಸಾಲದು, ನೀರುದೋಸೆ ದಪ್ಪ, ಮಗು ಸಪೂರ. ನನಗೆ ಅದು ನಿಜವಾಗಿ ನೋಯುತ್ತದೆ. ಹಾಗಾಗಿ ಈ ಸಲ ಪಬ್ಬಾಸ್‌ನಲ್ಲೇ ಸಿಗೋಣ ಅಂತ ಗಂಡನಿಂದಲೇ ಹೇಳಿಸಿದೆ. ಅವರ ಅಕ್ಕನಿಗೆ ಅವರೇ ಹೇಳಬೇಕು, ಅಲ್ವಾ?

ಗಡ್‌ಬಡ್ ತರಿಸಿದೆವು. ಎತ್ತರದ ಗ್ಲಾಸ್, ಬೇರೆ ಬೇರೆ ಐಸ್‌ಕ್ರೀಮ್, ನಡುವೆ ಜೆಲ್ಲಿ, ಹಣ್ಣು, ಗೋಡಂಬಿ. ಚಮಚ ಆಳಕ್ಕೆ ಇಳಿಸಿ ಜೆಲ್ಲಿ ಮೇಲೆ ತರುವುದೇ ಒಂದು ಖುಷಿ. ಒಬ್ಬರಿಗೆ ಸ್ವಲ್ಪ ಜಾಸ್ತಿಯೇ. ಅತ್ತಿಗೆ ತಮ್ಮದರಲ್ಲಿ ಅರ್ಧ ನನ್ನ ಮಗಳಿಗೆ ಕೊಟ್ಟರು.

"ನೀನು ಇವಳಿಗೆ ಸರಿಯಾಗಿ ತಿನ್ನಲಿಕ್ಕೆ ಕೊಡುವುದಿಲ್ಲ" ಅಂತ ಶುರು ಮಾಡಿದರು. ಗಂಡ ತಕ್ಷಣ, "ಅಕ್ಕಾ, ತೂಕ ಸರಿ ಉಂಟು ಅಂತ ಡಾಕ್ಟರ್ ಹೇಳಿದ್ದಾರೆ" ಅಂದರು. ಮಾತು ಅಲ್ಲಿಗೇ ನಿಂತಿತು. ಮನೆಯಲ್ಲಾಗಿದ್ದರೆ ರಾತ್ರಿಯವರೆಗೂ ಎಳೆಯುತ್ತಿತ್ತು. ಇಲ್ಲಿ ಸುತ್ತ ಜನ ಇರುತ್ತಾರೆ, ಐಸ್‌ಕ್ರೀಮ್ ಕರಗುವ ಮೊದಲು ತಿನ್ನಬೇಕು, ಬಿಲ್ ಕೊಟ್ಟ ಮೇಲೆ ಎದ್ದು ಬರಬಹುದು. ಅಡುಗೆಮನೆಯಂತೂ ನನ್ನದಲ್ಲ!

ಇಂಥ ನೆಂಟರಿದ್ದರೆ ವಾರದ ನಡುವೆ ಒಂದು ಸಂಜೆ ಹೋಗಿ. ಯಾರು ಉತ್ತರ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ನಾಲ್ವರಿಗೆ ಮೂರು ಗಡ್‌ಬಡ್ ಸಾಕು.