ಟಣ್ ಅಂದ್ರೆ ಡೆಪ್ತ್ ಅಲ್ಲ ಮಾರಾಯ್ರೆ, ರ‍್ಯಾಕಿನ ಪಿನ್ ನೋಡಿ ದುಡ್ಡು ಕೊಡಿ

ಕಾಸರಗೋಡು, ಕುಂಬಳೆ, ಉಪ್ಪಳ ಕಡೆ ಬಾರ್ಬೆಲ್ ಎತ್ತುವವರು ಇದನ್ನೊಮ್ಮೆ ಓದಿ. ಜಿಮ್ಮಿನ ಹೆಸರು ಕೇಳಬೇಡಿ, ಹೇಳುವುದಿಲ್ಲ.

ನಾಲ್ಕು ತಿಂಗಳು ನಾನು ಮಾಡಿದ್ದು ಅರ್ಧ ಸ್ಕ್ವಾಟ್, ಅಂದರೆ ಬಾರ್ ಹೆಗಲ ಮೇಲೆ ಹೊತ್ತು ಪೂರ್ತಿ ಕೂರದೆ ಅರ್ಧಕ್ಕೇ ಏಳುವುದು. ನೂರು ಕಿಲೋ ಅಂತ ಊರಿಡೀ ಹೇಳಿಕೊಂಡು ತಿರುಗಿದ್ದು ಆ ಅರ್ಧವನ್ನು.

ಬಾರ್ ಕೈತಪ್ಪಿದರೆ ತಡೆಯಲಿಕ್ಕೆ ಸ್ಟ್ಯಾಂಡಿನ ತೂತಿಗೆ ಹಾಕುವ ಕಬ್ಬಿಣದ ಸಲಾಕೆಯೇ ಸೇಫ್ಟಿ ಪಿನ್. ಬಾರ್ ಅದಕ್ಕೆ ತಾಗಿದರೆ ಟಣ್ ಅಂತದಲ್ಲ, ಟ್ರೈನರ್ ಅದನ್ನೇ ಡೆಪ್ತ್, ಅಂದರೆ ಕೂರಬೇಕಾದ ಆಳ, ಅಂತ ಲೆಕ್ಕಕ್ಕೆ ಹಿಡೀತಿದ್ರು. "ಟಣ್ ಅಂತಲ್ಲ, ಡೆಪ್ತ್ ಬಂತು, ಏಳಿ." ಕಮ್ಮಿ ಅನಿಸ್ತದೆ ಸರ್ ಅಂದರೆ, "ನಿಮ್ಮ ಹಿಪ್ ಟೈಟ್ ಉಂಟು, ಮೊಬಿಲಿಟಿ ಪ್ಯಾಕೇಜ್ ತಗೊಳ್ಳಿ, ಎಂಟು ಕ್ಲಾಸ್, ಮೂರೂವರೆ ಸಾವಿರ." ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅಡಿಕೆ ಹೆಕ್ಕಿಯೇ ದೊಡ್ಡವರಾದ ನಮಗೆ ಹಿಪ್ ಟೈಟ್ ಅಂತೆ! ಆದರೂ ಕೊಟ್ಟೆ. ಎಂಟು ಕ್ಲಾಸೂ ಮುಗಿಯಿತು. ಟಣ್ ಅಲ್ಲೇ, ಡೆಪ್ತೂ ಅಲ್ಲೇ.

ಒಂದು ದಿನ ಅವರಿಲ್ಲದಾಗ ಪಿನ್ ಎರಡು ತೂತು ಕೆಳಗೆ ಇಳಿಸಲಿಕ್ಕೆ ನೋಡಿದೆ. ಹೋಗುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿದರೆ ತೂತಿನ ಒಳಗೆಲ್ಲ ತುಕ್ಕು, ಕೆಂಪಗೆ, ಉಗುರಲ್ಲಿ ಕೆರೆದರೆ ಪುಡಿ ಪುಡಿ. ಕಡಲ ಗಾಳಿ, ಮಳೆಗಾಲ, ಬಾಗಿಲಿನ ಪಕ್ಕದ ರ‍್ಯಾಕು, ಎಣ್ಣೆ ಕಂಡದ್ದು ಯಾವಾಗಲೋ. ಪಿನ್ ಹೋಗುವ ತೂತುಗಳಲ್ಲಿ ಎಲ್ಲದಕ್ಕಿಂತ ಕೆಳಗಿನದ್ದು ಯಾವುದೋ ಅಲ್ಲಿಗೇ ನನ್ನ ಡೆಪ್ತ್! ಹಿಪ್ಪೂ ಅಲ್ಲ, ಎಂತದೂ ಅಲ್ಲ. ತುಕ್ಕು. ತುಕ್ಕಿಗೆ ಮೂರೂವರೆ ಸಾವಿರ ಕೊಟ್ಟೆ.

ಕೇಳಿದ್ದಕ್ಕೆ ಮೊದಲ ಉತ್ತರ, "ಪಿನ್ ಸೇಫ್ಟಿಗೆ ಸರ್, ಕೆಳಗಿಟ್ಟರೆ ಡೇಂಜರ್." ಎರಡನೆಯದ್ದು, "ಇನ್ನೂ ಕೆಳಗೆ ಹೋದ್ರೆ ಮಂಡಿ ಹೋಗ್ತದೆ." ಮೂರನೆಯದ್ದಕ್ಕೆ ನನ್ನದೇ ಸ್ಕ್ವಾಟಿನ ವೀಡಿಯೊ ತೋರಿಸಿದರು, ಅದರಲ್ಲಿ ನಿಜಕ್ಕೂ ಆಳವಾಗಿ ಕಾಣ್ತದೆ! ಆಮೇಲೆ ಹೊಳೆಯಿತು. ಮೊಬೈಲನ್ನು ಎದುರು ಮೂಲೆಯಲ್ಲಿ ನೆಲಕ್ಕೆ ಇಟ್ಟು ತೆಗೆದದ್ದು. ಅಲ್ಲಿಂದ ಮಂಡಿ ಹತ್ತಿರ, ಸೊಂಟ ದೂರ. ಕೆಳಗಿನಿಂದ ಮೇಲಕ್ಕೆ ನೋಡುವಾಗ ದೂರದ ಸೊಂಟ ಇದ್ದದ್ದಕ್ಕಿಂತ ತಗ್ಗಿ ಕಾಣ್ತದೆ. ವೀಡಿಯೊ ಸರಿಯಾಗಿ ಪಕ್ಕದಿಂದಲೇ ಬೇಕು, ಕ್ಯಾಮೆರಾ ತಗ್ಗಿದ ಸೊಂಟದ ಎತ್ತರದಲ್ಲಿ.

ಪವರ್‌ಲಿಫ್ಟಿಂಗ್ ನಿಯಮ ಸ್ಪಷ್ಟ ಉಂಟು: ಸೊಂಟದ ಕೀಲಿನ ಹತ್ತಿರ ತೊಡೆಯ ಮೇಲ್ಮೈ ಮಂಡಿಯ ಮೇಲ್ತುದಿಗಿಂತ ಕೆಳಗೆ ಬರಬೇಕು. ಮೂವರು ರೆಫ್ರಿಗಳಲ್ಲಿ ಇಬ್ಬರು ಕೆಂಪು ಲೈಟ್ ಕೊಟ್ಟರೆ ಆ ಲಿಫ್ಟ್ ಹೋಯ್ತು. ಅವರಿಗೆ ಟಣ್ ಕೇಳಿಸುವುದಿಲ್ಲ.

ಅದಲ್ಲದೆ ಪಿನ್ನಿಗೆ ತಾಗಿದ ಕ್ಷಣ ಭಾರದ ಒಂದಷ್ಟು ಪಾಲು ಪಿನ್ನೇ ಹೊರ್ತದೆ, ಅಂದರೆ ಲೆಕ್ಕವೂ ಸುಳ್ಳು. ಒಂದು ಬದಿ ಮೊದಲು ತಾಗಿದರೆ ಬಾರ್ ತಿರುಚಿ ಬೆನ್ನಿಗೆ ಬರ್ತದೆ. ಪಿನ್ ಬೇಡವೇ ಬೇಡ ಅಂತ ಅಲ್ಲ, ಬೇಕು. ಪಿನ್ ಇಲ್ಲದಿದ್ದರೆ ಹೆದರಿಕೆಯಲ್ಲೇ ಅರ್ಧಕ್ಕೆ ಏಳ್ತೀರಿ. ಖಾಲಿ 20 ಕಿಲೋ ಬಾರ್ ಹೊತ್ತು ಪೂರ್ತಿ ಕೆಳಗೆ ಕೂರಿ, ಆಗ ಬಾರಿಗೂ ಪಿನ್ನಿಗೂ ನಡುವೆ ಒಂದೆರಡು ಇಂಚು ಇರಲಿ. ತೂತು ತುಕ್ಕು ಹಿಡಿದಿದ್ದರೆ ಸ್ಯಾಂಡ್ ಪೇಪರ್ ಸುತ್ತಿದ ಕೋಲು, ಸ್ವಲ್ಪ ಎಣ್ಣೆ. ಅರ್ಧ ಗಂಟೆಯ ಕೆಲಸ. ಅವರಿಗೆ ಅದೂ ಆಗಲಿಲ್ಲ.

ಇನ್ನು ನಿಜವಾಗಿ ಡೆಪ್ತ್ ಬಾರದವರಿಗೆ. ಭಾರ 30 ಶೇಕಡಾ ಇಳಿಸಿ, ಅಹಂಕಾರ ಸಹಿತ. ಹಿಮ್ಮಡಿ ಭುಜದಷ್ಟು ಅಗಲ, ಪಾದ ಸುಮಾರು 30 ಡಿಗ್ರಿ ಹೊರಗೆ, ಮಂಡಿ ಪಾದದ ದಿಕ್ಕಿಗೆ. ಪಾದ ಹತ್ತಿರ ಹತ್ತಿರ, ನೇರ ಇಟ್ಟರೆ ತೊಡೆ ಹೊಟ್ಟೆಗೆ ಒತ್ತಿ ಅಲ್ಲೇ ನಿಲ್ತದೆ. ಹಿಮ್ಮಡಿ ಏಳುವುದಾದರೆ ಗೋಡೆಯ ಪರೀಕ್ಷೆ ಮಾಡಿ: ಕಾಲಿನ ಹೆಬ್ಬೆರಳು ಗೋಡೆಯಿಂದ 10 ಸೆಂಟಿಮೀಟರ್ ದೂರ, ಹಿಮ್ಮಡಿ ನೆಲದಲ್ಲೇ, ಮಂಡಿ ಗೋಡೆಗೆ ತಾಗ್ತದಾ? ತಾಗದಿದ್ದರೆ ಪಾದದ ಗಂಟು ಬಿಗಿ. ಹಿಮ್ಮಡಿ ಕೆಳಗೆ ಎರಡು ತೆಳು ಪ್ಲೇಟ್ ಇಟ್ಟು, ಭಾರ ಇಲ್ಲದೆ, ಮತ್ತೆ ಕೂತು ನೋಡಿ. ಆಗ ಸಲೀಸಾಗಿ ಇಳಿದರೆ ಗಂಟೇ ಕಾರಣ. ಇಳಿಯದಿದ್ದರೆ ನಿಂತ ರೀತಿಯೋ ಹೆದರಿಕೆಯೋ, ಅದಕ್ಕೆ ಕೆಳಗೆ ಎರಡು ಮೂರು ಸೆಕೆಂಡ್ ನಿಂತು ಏಳುವ ಪಾಜ್ ಸ್ಕ್ವಾಟ್, ಮೂರು ಸೆಟ್, ಸೆಟ್ಟಿಗೆ ಮೂರೋ ನಾಲ್ಕೋ ಸಲ. ಇಳಿಯುವ ಮೊದಲು ಹೊಟ್ಟೆ ತುಂಬ ಉಸಿರು ಹಿಡಿಯಿರಿ, ಕೆಳಗೆ ಬಿಡಬೇಡಿ.

ಪ್ಯಾಕೇಜ್ ಅಂದ ಕೂಡಲೇ ದುಡ್ಡು ಕೊಡಬೇಡಿ. ಮೊದಲು ಪಿನ್ ಕೆಳಗಿನ ತೂತಿಗೆ ಹಾಕಿ ತೋರಿಸಿ ಅನ್ನಿ.

ಬೇರೆ ಕಡೆ ಪಿನ್ ಸರಿ ಇಟ್ಟು ಮಾಡಿದರೆ ನನ್ನದು 72.5 ಕಿಲೋ. ನೂರಲ್ಲ. ದುಡ್ಡು ವಾಪಸ್ ಕೇಳಿ ಆ 72.5ರ ವೀಡಿಯೊ ಹಳೆ ಟ್ರೈನರಿಗೆ ಕಳಿಸಿದೆ. ಬಂದ ಉತ್ತರ: "ಅಲ್ಲಿಗೆ ಹೋಗಿ ನಿಮ್ಮ ಸ್ಟ್ರೆಂತ್ ಕಮ್ಮಿ ಆಗಿದೆ ಸರ್. ವಾಪಸ್ ಬನ್ನಿ, ಆರು ತಿಂಗಳಿಗೆ ಡಿಸ್ಕೌಂಟ್ ಉಂಟು."