ಪೋಸ್ಟ್‌ಫಿಕ್ಸ್, ಡವ್‌ಕಾಟ್, ಲೆಟ್ಸ್ ಎನ್‌ಕ್ರಿಪ್ಟ್: ಹಲವು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ಸಾಫ್ಟ್‌ವೇರ್ ಅಂದರೆ ನನಗೆ ಇಷ್ಟ. ಅದು ಏನು ಮಾಡುತ್ತಿದೆ ಅನ್ನುವುದನ್ನು ಲಾಗ್‌ನಲ್ಲಿ ಬಿಡಿಸಿ ಬರೆದಿಡುತ್ತದೆ. ಮೇಲ್ ಸರ್ವರ್‌ನಲ್ಲಿ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಕಿಲ್ಲ.

ನಾನು ಹುಬ್ಬಳ್ಳಿಯ ಒಂದು ಸಣ್ಣ ಆಡಿಟರ್ ಆಫೀಸಿನ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುತ್ತೇನೆ. ಜನರ ಬ್ಯಾಂಕ್ ಸ್ಟೇಟ್‌ಮೆಂಟ್, ಪಾನ್ ಕಾರ್ಡ್, ಜಿಎಸ್‌ಟಿ ಕಾಗದ ಎಲ್ಲ ಮೇಲ್‌ನಲ್ಲೇ ಓಡಾಡುತ್ತವೆ. ಅದಕ್ಕೇ ಸ್ವಂತ ಸರ್ವರ್: ಡೆಬಿಯನ್ ಲಿನಕ್ಸ್ ಮೇಲೆ ಮೇಲ್ ಕಳಿಸಲು, ಪಡೆಯಲು ಪೋಸ್ಟ್‌ಫಿಕ್ಸ್, ಪೆಟ್ಟಿಗೆಯಿಂದ ತೆಗೆದು ಓದಲು ಡವ್‌ಕಾಟ್, ಸರ್ವರ್‌ನ ಗುರುತು ಸಾಬೀತು ಮಾಡುವ ಸರ್ಟಿಫಿಕೇಟ್‌ಗೆ ಲೆಟ್ಸ್ ಎನ್‌ಕ್ರಿಪ್ಟ್. ಮೂರೂ ಪುಕ್ಕಟೆ. ಪೋಸ್ಟ್‌ಫಿಕ್ಸ್ ಅನ್ನು ವೀಟ್ಸೆ ವೆನೆಮಾ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಬರೆದು 1998ರಲ್ಲಿ ಹೊರಗೆ ತಂದರು. ಡವ್‌ಕಾಟ್ ಫಿನ್ಲೆಂಡಿನ ಟಿಮೊ ಸಿರೈನೆನ್ ಅವರದು, 2002ರಿಂದ ಇದೆ. ಇಷ್ಟು ಹಳೆಯ ಸಾಫ್ಟ್‌ವೇರ್ ಇವತ್ತಿಗೂ ಚುರುಕಾಗಿ ಬೆಳೆಯುತ್ತಿರುವುದು ಸಣ್ಣ ಮಾತಲ್ಲ.

ಹೊಸಬರು ಎಡವುವುದು ಪೋರ್ಟ್‌ಗಳಲ್ಲಿ, ಅಂದರೆ ಸರ್ವರ್‌ನ ಸಂಖ್ಯೆ ಹಾಕಿದ ಬಾಗಿಲುಗಳಲ್ಲಿ. 25ನೇ ಪೋರ್ಟ್ ಸರ್ವರ್‌ನಿಂದ ಸರ್ವರ್‌ಗೆ. 587 ಮತ್ತು 465 ನಮ್ಮ ಬಳಕೆದಾರರು ಮೇಲ್ ಕಳಿಸಲು. 25ಕ್ಕೂ ಇವಕ್ಕೂ ಒಂದೇ ನಿಯಮ ಹಾಕಬಾರದು. 25ರಲ್ಲಿ ಟಿಎಲ್‌ಎಸ್ (ದಾರಿಯಲ್ಲಿ ಮೇಲ್ ಅನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಗುಪ್ತಲಿಪಿಗೆ ತಿರುಗಿಸುವ ವಿಧಾನ) ಸೆಕ್ಯುರಿಟಿ ಲೆವೆಲ್ ‘ಮೇ’ ಅಂತಲೇ ಇರಬೇಕು. ಅಂದರೆ ಆ ಕಡೆಯವರಿಗೆ ಎನ್‌ಕ್ರಿಪ್ಷನ್ ಬಂದರೆ ಎನ್‌ಕ್ರಿಪ್ಷನ್, ಬರದಿದ್ದರೆ ಸಾದಾ. ಭದ್ರತೆ ಜಾಸ್ತಿ ಇರಲಿ ಅಂತ ಕೆಲವರು ಅಲ್ಲೂ ‘ಎನ್‌ಕ್ರಿಪ್ಟ್’ ಹಾಕುತ್ತಾರೆ. ಆಮೇಲೆ ಯಾವುದೋ ಹಳೆಯ ಸರ್ವರ್‌ನಿಂದ ಬರಬೇಕಾದ ಪತ್ರ ಬರುವುದೇ ಇಲ್ಲ. ಎಲ್ಲರಿಂದ ಮೇಲ್ ಪಡೆಯುವ ಸರ್ವರ್ ಹೀಗೆ ಒತ್ತಾಯ ಮಾಡಬಾರದು ಅಂತ ಸ್ಟಾರ್ಟ್‌ಟಿಎಲ್‌ಎಸ್‌ನ (ಸಾದಾ ಸಂಪರ್ಕವನ್ನು ಎನ್‌ಕ್ರಿಪ್ಷನ್‌ಗೆ ತಿರುಗಿಸುವ ಆದೇಶ) ಮಾನಕವೇ ಹೇಳುತ್ತದೆ, ಆರ್‌ಎಫ್‌ಸಿ 3207. ಆದರೆ 587ರಲ್ಲಿ ಪಾಸ್‌ವರ್ಡ್ ಹೋಗುತ್ತದೆ, ಅಲ್ವಾ? ಅಲ್ಲಿ ‘ಎನ್‌ಕ್ರಿಪ್ಟ್’ ಕಡ್ಡಾಯ. ಈ ಬೇರೆ ನಿಯಮವನ್ನು ಪೋಸ್ಟ್‌ಫಿಕ್ಸ್‌ನ ಮಾಸ್ಟರ್ ಡಾಟ್ ಸಿಎಫ್ ಫೈಲಿನಲ್ಲಿ ಸಬ್‌ಮಿಷನ್ (ಅಂದರೆ 587ರ) ಸಾಲಿನ ಕೆಳಗೆ ಬರೆಯಬೇಕು. ಸಾಲಿನ ಮುಂದೆ ಜಾಗ ಬಿಡಬೇಕು, ಸಮ ಚಿಹ್ನೆಯ ಆಚೀಚೆ ಮಾತ್ರ ಜಾಗ ಬಿಡಬಾರದು.

465 ಮತ್ತು 587ರ ನಡುವೆ ಇನ್ನೊಂದು ವ್ಯತ್ಯಾಸ ಇದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಎನ್‌ಕ್ರಿಪ್ಷನ್. 587ರಲ್ಲಿ ಮೊದಲು ಸಾದಾ ನಮಸ್ಕಾರ, ಆಮೇಲೆ ಸ್ಟಾರ್ಟ್‌ಟಿಎಲ್‌ಎಸ್. ಫೋನಿನ ಆ್ಯಪ್‌ನಲ್ಲಿ ಇವೆರಡು ಅದಲುಬದಲಾದರೆ ‘ರಾಂಗ್ ವರ್ಷನ್ ನಂಬರ್’ ಅಂತ ಎರರ್ ಬರುತ್ತದೆ. ಅದನ್ನು ನೋಡಿ ಟಿಎಲ್‌ಎಸ್ ವರ್ಷನ್ ಹುಡುಕುತ್ತಾ ಕೂರಬೇಡಿ. ವರ್ಷನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಪೋರ್ಟ್ ಒಂದು, ಆ್ಯಪ್‌ನಲ್ಲಿ ಆರಿಸಿದ ವಿಧಾನ ಇನ್ನೊಂದು, ಅಷ್ಟೇ.

ಈಗ ಲಾಗ್. ಟಿಎಲ್‌ಎಸ್ ಲಾಗ್ ಲೆವೆಲ್ 1 ಇಟ್ಟರೆ ಸಾಕು. ಒಳಬರುವ ಸಂಪರ್ಕದ ಮುಂದೆ ‘ಅನಾನಿಮಸ್’ ಅಂತ ಬರುತ್ತದೆ. ಗಾಬರಿ ಬೇಡ. ಆ ಕಡೆಯ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸಿಲ್ಲ, ನಾವು ಕೇಳಿಯೂ ಇಲ್ಲ. ಹೊರಹೋಗುವ ಸಂಪರ್ಕದ ಮುಂದೆ ‘ಅನ್‌ಟ್ರಸ್ಟೆಡ್’ ಅಂತ ಬಂದರೂ ಮೇಲ್ ಎನ್‌ಕ್ರಿಪ್ಟ್ ಆಗಿಯೇ ಹೋಗಿದೆ. ನಂಬಬೇಕಾದ ರೂಟ್ ಸರ್ಟಿಫಿಕೇಟ್‌ಗಳು (ಉಳಿದವಕ್ಕೆ ಆಧಾರವಾದ ಮೂಲ ಸರ್ಟಿಫಿಕೇಟ್‌ಗಳು) ಎಲ್ಲಿವೆ ಅಂತ ಪೋಸ್ಟ್‌ಫಿಕ್ಸ್‌ಗೆ ನಾವು ಹೇಳಿರುವುದಿಲ್ಲ. ಅವುಗಳ ದಾರಿ ತೋರಿಸಿದ ಮೇಲೆ ದೊಡ್ಡ ಸರ್ವರ್‌ಗಳ ಮುಂದೆ ‘ಟ್ರಸ್ಟೆಡ್’ ಅಂತ ಬರತೊಡಗುತ್ತದೆ. ‘ವೆರಿಫೈಡ್’ ಅನ್ನುವುದು ಇನ್ನೂ ಒಂದು ಮೆಟ್ಟಿಲು ಮೇಲೆ: ಸರ್ಟಿಫಿಕೇಟ್‌ನಲ್ಲಿರುವ ಹೆಸರೂ ತಾಳೆಯಾಗಬೇಕು. ಇಷ್ಟು ಸ್ಪಷ್ಟವಾಗಿ ಮಾತಾಡುವ ಮೇಲ್ ಸರ್ವರ್ ನಾನು ಬೇರೆ ನೋಡಿಲ್ಲ.

ನಮಗೆ ಅತಿ ಹೆಚ್ಚು ತಲೆನೋವು ಕೊಟ್ಟದ್ದು ಸರ್ಟಿಫಿಕೇಟ್ ಸರಪಳಿ, ಅಂದರೆ ನಮ್ಮ ಸರ್ಟಿಫಿಕೇಟ್‌ನಿಂದ ನಡುವಿನದರ ಮೂಲಕ ರೂಟ್‌ವರೆಗಿನ ಕೊಂಡಿಗಳು. ನಾನು ಬರುವ ಮೊದಲು ಸರ್ವರ್ ಹೂಡಿದ್ದವರು ಬೇರೆ. ಆಫೀಸಿನ ಹಿರಿಯರೊಬ್ಬರು ಬಂದು, “ಲ್ಯಾಪ್‌ಟಾಪ್‌ನ್ಯಾಗ ಬರ್ತೈತ್ರಿ, ಫೋನ್‌ನ್ಯಾಗ ಅಷ್ಟ ಸರ್ಟಿಫಿಕೇಟ್ ಸರಿ ಇಲ್ಲ ಅಂತೈತ್ರಿ” ಅಂದರು. ಅವರು ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ತೆರೆದು ವೆಬ್‌ಮೇಲ್ ನೋಡುತ್ತಿದ್ದರು. ಓಪನ್‌ಎಸ್‌ಎಸ್‌ಎಲ್ ಅನ್ನುವ ಎನ್‌ಕ್ರಿಪ್ಷನ್ ಸಾಫ್ಟ್‌ವೇರ್‌ನ ಎಸ್ ಕ್ಲೈಂಟ್ ಅನ್ನುವ ಪರೀಕ್ಷಾ ಸಾಧನದಿಂದ, ಆ್ಯಪ್‌ಗಳು ಮೇಲ್ ಓದಲು ಬರುವ 993ನೇ ಪೋರ್ಟ್ ತಟ್ಟಿದೆ. ಕೊನೆಯಲ್ಲಿ ವೆರಿಫೈ ರಿಟರ್ನ್ ಕೋಡ್ 21, ಮೊದಲ ಸರ್ಟಿಫಿಕೇಟ್ ಅನ್ನೇ ಪರಿಶೀಲಿಸಲು ಆಗುತ್ತಿಲ್ಲ. ಡವ್‌ಕಾಟ್‌ಗೆ ‘ಸರ್ಟ್ ಡಾಟ್ ಪೆಮ್’ ಕೊಟ್ಟಿದ್ದರು. ಅದರಲ್ಲಿ ನಮ್ಮ ಸರ್ಟಿಫಿಕೇಟ್ ಮಾತ್ರ ಇರುತ್ತದೆ. ಕೊಡಬೇಕಾದದ್ದು ‘ಫುಲ್‌ಚೈನ್ ಡಾಟ್ ಪೆಮ್’, ಅದರಲ್ಲಿ ನಡುವಿನ ಸರ್ಟಿಫಿಕೇಟ್ ಕೂಡ ಇರುತ್ತದೆ. ಎಷ್ಟೋ ಬ್ರೌಸರ್‌ಗಳು ಕಾಣೆಯಾದ ಕೊಂಡಿಯನ್ನು ತಾವೇ ಹುಡುಕಿ ತರುತ್ತವೆ, ಮೇಲ್ ಆ್ಯಪ್‌ಗಳು ಸಾಮಾನ್ಯವಾಗಿ ತರುವುದಿಲ್ಲ. ಹಾಗಾಗಿ ಬ್ರೌಸರ್‌ನಲ್ಲಿ ಎಚ್ಚರಿಕೆ ಬರಲಿಲ್ಲ ಅಂತ ಮೇಲ್ ಸರ್ವರ್ ಸರಿಯಿದೆ ಅನ್ನಲಾಗದು.

ಎಸ್ ಕ್ಲೈಂಟ್ ಬಳಸುವವರಿಗೆ ಒಂದು ಕಿವಿಮಾತು. ಅದರೊಳಗೆ ಕೈಯಾರೆ ಮೇಲ್ ಕಳಿಸಿ ಪರೀಕ್ಷಿಸುವಾಗ, ಮೇಲ್ ಯಾರಿಗೆ ಅಂತ ಹೇಳುವ ಆರ್‌ಸಿಪಿಟಿ ಆದೇಶವನ್ನು ಸಣ್ಣ ಅಕ್ಷರದಲ್ಲೇ ಬರೆಯಿರಿ. ಸಾಲಿನ ಮೊದಲಲ್ಲಿ ದೊಡ್ಡ ‘ಆರ್’ ಬಂದರೆ ಎಸ್ ಕ್ಲೈಂಟ್ ಅದನ್ನು ತನಗೆ ಕೊಟ್ಟ ಆದೇಶ ಅಂದುಕೊಂಡು ಟಿಎಲ್‌ಎಸ್ ಮಾತುಕತೆಯನ್ನು ಮತ್ತೆ ಶುರುಮಾಡಲು ಹೊರಡುತ್ತದೆ. ಆ ಸಾಲು ಸರ್ವರ್‌ಗೆ ತಲುಪುವುದೇ ಇಲ್ಲ. ಸರ್ವರ್ ಕೆಟ್ಟಿದೆ ಅಂತ ಸುಮ್ನೆ ಹುಡುಕಾಡಬೇಕಾಗುತ್ತದೆ.

ಸ್ಕ್ಯಾನರ್ ಕಥೆ ಇನ್ನೊಂದು. ಕಾಗದ ಸ್ಕ್ಯಾನ್ ಮಾಡಿ ನೇರ ಮೇಲ್ ಕಳಿಸುವ ಹಳೆಯ ಯಂತ್ರ ನಮ್ಮಲ್ಲಿದೆ. ಸರ್ವರ್‌ನ ಡೆಬಿಯನ್ ಅಪ್‌ಗ್ರೇಡ್ ಆದ ಮೇಲೆ ಅದು ಕಳಿಸುವುದನ್ನೇ ನಿಲ್ಲಿಸಿತು. ಲಾಗ್‌ನಲ್ಲಿ ‘ಅನ್‌ಸಪೋರ್ಟೆಡ್ ಪ್ರೋಟೋಕಾಲ್’. ಯಂತ್ರಕ್ಕೆ ಟಿಎಲ್‌ಎಸ್ 1.0 ಬಿಟ್ಟು ಬೇರೆ ಗೊತ್ತಿಲ್ಲ, 1.0 ಮತ್ತು 1.1 ಎರಡನ್ನೂ 2021ರ ಮಾರ್ಚ್‌ನಲ್ಲೇ ಮಾನಕದಿಂದ ಕೈಬಿಟ್ಟಾಗಿದೆ. ಸರ್ವರ್‌ನ ಓಪನ್‌ಎಸ್‌ಎಸ್‌ಎಲ್ ಭದ್ರತಾ ಮಟ್ಟವನ್ನೇ ಇಳಿಸಿಬಿಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನಾನು ಒಪ್ಪುವುದಿಲ್ಲ. ಒಂದು ಯಂತ್ರಕ್ಕೋಸ್ಕರ ಎಲ್ಲರ ಬಾಗಿಲು ಸಡಿಲ ಮಾಡಬಾರದು. ಆಫೀಸಿನೊಳಗೆ ಒಂದು ಹಳೆಯ ಪಿಸಿಯಲ್ಲಿ ಪುಟ್ಟ ಪೋಸ್ಟ್‌ಫಿಕ್ಸ್ ಹಾಕಿದೆ. ಅದು ಸ್ಕ್ಯಾನರ್‌ನ ಐಪಿ ವಿಳಾಸದಿಂದ ಮಾತ್ರ ಮೇಲ್ ತೆಗೆದುಕೊಳ್ಳುತ್ತದೆ, ತಾನು ಮುಖ್ಯ ಸರ್ವರ್‌ಗೆ 587ರಲ್ಲಿ ಟಿಎಲ್‌ಎಸ್ 1.3 ಮೂಲಕ ದಾಟಿಸುತ್ತದೆ. ಹಳೆಯ ಭಾಷೆ ಆಫೀಸಿನ ಗೋಡೆಯೊಳಗೇ ಉಳಿಯಿತು. ರಿಲೇಹೋಸ್ಟ್ (ಮೇಲ್ ದಾಟಿಸಬೇಕಾದ ಸರ್ವರ್) ಹೆಸರನ್ನು ಚೌಕ ಆವರಣದೊಳಗೆ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಮೇಲ್ ಯಾವ ಸರ್ವರ್‌ಗೆ ಅಂತ ಹೇಳುವ ಎಂಎಕ್ಸ್ ದಾಖಲೆ ಹುಡುಕಲು ಹೋಗುತ್ತದೆ.

ಡವ್‌ಕಾಟ್ ಬಗ್ಗೆ ಒಂದು ದೂರು ಇದೆ. 2025ರ ಜನವರಿಯಲ್ಲಿ ಬಂದ 2.4ಕ್ಕೆ 2.3ರ ಕಾನ್ಫಿಗರೇಷನ್ ಹಾಗೇ ನಡೆಯುವುದಿಲ್ಲ. ಫೈಲಿನ ಮೊದಲಲ್ಲೇ ಕಾನ್ಫಿಗ್ ವರ್ಷನ್ ಬರೆಯಬೇಕು. ಸರ್ಟಿಫಿಕೇಟ್ ಸೆಟ್ಟಿಂಗ್‌ನ ಹೆಸರು ಬದಲಾಗಿದೆ. ಫೈಲಿನ ದಾರಿಯ ಮುಂದೆ ಹಾಕುತ್ತಿದ್ದ ‘ಚಿಕ್ಕದು’ (<) ಚಿಹ್ನೆ ಈಗ ಬೇಡ. ಎನ್‌ಕ್ರಿಪ್ಷನ್ ಇಲ್ಲದೆ ಪಾಸ್‌ವರ್ಡ್ ಬರುವುದನ್ನು ತಡೆಯುತ್ತಿದ್ದ ‘ಡಿಸೇಬಲ್ ಪ್ಲೇನ್‌ಟೆಕ್ಸ್ಟ್ ಆಥ್’ ಹೋಗಿ ‘ಆಥ್ ಅಲೋ ಕ್ಲಿಯರ್‌ಟೆಕ್ಸ್ಟ್’ ಬಂದಿದೆ. ಹೆಸರು ಮಾತ್ರ ಅಲ್ಲ, ಅರ್ಥವೇ ತಿರುಗಿದೆ. ಮೊದಲು ‘ಯೆಸ್’ ಇದ್ದಲ್ಲಿ ಈಗ ‘ನೋ’ ಇರಬೇಕು. ಪಾಸ್‌ವರ್ಡ್ ಬಯಲಾಗುವಂಥ ಸೆಟ್ಟಿಂಗ್ ಇದು, ಕಣ್ಣಿಟ್ಟು ನೋಡಬೇಕಾದದ್ದು. ಡೆಬಿಯನ್ 12ರಿಂದ 13ಕ್ಕೆ, ಅಂದರೆ ಡವ್‌ಕಾಟ್ 2.3ರಿಂದ 2.4ಕ್ಕೆ, ಹೋಗುವವರು ಬೇರೆ ಯಂತ್ರದಲ್ಲಿ ಪರೀಕ್ಷಿಸದೆ ಕೈಹಾಕಬೇಡಿ. ಡವ್‌ಕಾನ್ಫ್ ಆದೇಶ ಕೊಟ್ಟರೆ ಎಲ್ಲಿ ಮುರಿದಿದೆ ಅಂತ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ, ಅದಕ್ಕೆ ಮೆಚ್ಚುಗೆ. ಪೋಸ್ಟ್‌ಫಿಕ್ಸ್ ಮಾತ್ರ ಅದೇ ಅಪ್‌ಗ್ರೇಡ್‌ನಲ್ಲಿ ಹಳೆಯ ಫೈಲ್‌ಗಳನ್ನೇ ಓದಿಕೊಂಡು ಎದ್ದು ನಿಂತಿತು.

ಡೇನ್ ಮತ್ತು ಎಂಟಿಎ-ಎಸ್‌ಟಿಎಸ್ ಬಗ್ಗೆ ಚಿಕ್ಕದಾಗಿ. 25ರ ‘ಮೇ’ ಮಟ್ಟದಲ್ಲಿ ನಡುವೆ ಕುಳಿತವರು ಸ್ಟಾರ್ಟ್‌ಟಿಎಲ್‌ಎಸ್ ಸಾಲನ್ನು ಅಳಿಸಿ ಮೇಲ್ ಅನ್ನು ಸಾದಾ ಮಾಡಿಬಿಡಬಹುದು. ಅದನ್ನು ತಡೆಯಲು ಇವೆರಡು: ನಮಗೆ ಎನ್‌ಕ್ರಿಪ್ಟ್ ಮಾಡಿಯೇ ಕಳಿಸಿ ಅಂತ ಡೇನ್ ಡಿಎನ್‌ಎಸ್ (ಅಂತರ್ಜಾಲದ ವಿಳಾಸ ಪುಸ್ತಕ) ಮೂಲಕ ಸಾರುತ್ತದೆ, ಎಂಟಿಎ-ಎಸ್‌ಟಿಎಸ್ ವೆಬ್‌ನಲ್ಲಿಟ್ಟ ಫೈಲಿನ ಮೂಲಕ. ಪೋಸ್ಟ್‌ಫಿಕ್ಸ್ 2014ರ 2.11ರಿಂದಲೇ ಡೇನ್ ಬಲ್ಲದು, ಆದರೆ ಡೊಮೇನ್‌ಗೆ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ದಾಖಲೆಗಳ ಮೇಲಿನ ಡಿಜಿಟಲ್ ಸಹಿ) ಬೇಕು. ಕೀಲಿಯ ಗುರುತನ್ನು ಡಿಎನ್‌ಎಸ್‌ನಲ್ಲಿ ಹಾಕುವವರು, ಸರ್ಟಿಫಿಕೇಟ್ ತಂದು ನವೀಕರಿಸುವ ಸರ್ಟ್‌ಬಾಟ್‌ಗೆ ‘ರಿಯೂಸ್ ಕೀ’ ಹೇಳಿರಲೇಬೇಕು. ಇಲ್ಲದಿದ್ದರೆ ನವೀಕರಣಕ್ಕೊಮ್ಮೆ ಕೀಲಿ ಬದಲಾಗಿ, ಡೇನ್ ಪಾಲಿಸುವ ಸರ್ವರ್‌ಗಳು ನಮಗೆ ಮೇಲ್ ಕೊಡುವುದನ್ನೇ ನಿಲ್ಲಿಸುತ್ತವೆ. ಎಂಟಿಎ-ಎಸ್‌ಟಿಎಸ್ ಸುಲಭ. ಮೊದಲು ‘ಟೆಸ್ಟಿಂಗ್’ನಲ್ಲಿಟ್ಟು, ವರದಿಗಳನ್ನು ನೋಡಿ, ಆಮೇಲೆ ‘ಎನ್‌ಫೋರ್ಸ್’ ಮಾಡಿ.

ಇದೆಲ್ಲ ದಾರಿಯಲ್ಲಿನ ಭದ್ರತೆ ಅಷ್ಟೇ. ಡಿಸ್ಕ್‌ಗೆ ಬಂದು ಬಿದ್ದ ಮೇಲ್ ಸಾದಾ ಫೈಲ್, ರೂಟ್ ಪಾಸ್‌ವರ್ಡ್ ಇದ್ದವರು ಓದಬಹುದು. ಇದನ್ನು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಬಾಯಿಬಿಟ್ಟು ಹೇಳಿದ್ದೇನೆ. ತೀರಾ ಗುಟ್ಟಿನ ಕಾಗದಕ್ಕೆ ಫೈಲನ್ನೇ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತೇವೆ.

ಸರ್ಟಿಫಿಕೇಟ್ ನವೀಕರಣಕ್ಕೆ ಸರ್ಟ್‌ಬಾಟ್ ಚೆನ್ನಾಗಿದೆ, ಆದರೆ ಅದು ಫೈಲ್ ಬದಲಿಸುತ್ತದೆ, ಅಷ್ಟೇ. ಓಡುತ್ತಿರುವ ಡವ್‌ಕಾಟ್ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ರಿನ್ಯೂವಲ್ ಹುಕ್ಸ್ ಫೋಲ್ಡರ್‌ನ ಡಿಪ್ಲಾಯ್ ಒಳಗೆ ಎರಡು ಸಾಲಿನ ಸ್ಕ್ರಿಪ್ಟ್ ಇಡಿ: ಪೋಸ್ಟ್‌ಫಿಕ್ಸ್ ರೀಲೋಡ್, ಡವ್‌ಕಾಟ್ ರೀಲೋಡ್. ಅವಧಿ ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಎಚ್ಚರಿಕೆ ಮೇಲ್ 2025ರ ಜೂನ್‌ನಲ್ಲಿ ನಿಂತಿದೆ. ಈಗಿನ 90 ದಿನಗಳ ಅವಧಿಯೂ ಮುಂದೆ ಇಳಿಯಲಿದೆ: 2029ರ ಮಾರ್ಚ್‌ನಿಂದ ಯಾರೇ ಕೊಡುವ ಸರ್ಟಿಫಿಕೇಟ್ ಆಗಲಿ 47 ದಿನ ಮೀರುವಂತಿಲ್ಲ. ಅದಕ್ಕೇ ನಾನು ದಿನಾ ಬೆಳಿಗ್ಗೆ 25, 465, 587, 993 ನಾಲ್ಕೂ ಪೋರ್ಟ್‌ಗಳಿಂದ ನಿಜವಾಗಿ ಹೊರಬರುವ ಸರ್ಟಿಫಿಕೇಟ್‌ನ ಕೊನೆಯ ದಿನಾಂಕ ಓದುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಆದೇಶ) ಹಾಕಿದ್ದೇನೆ. ಡಿಸ್ಕ್‌ನಲ್ಲಿರುವ ಫೈಲನ್ನಲ್ಲ, ಪೋರ್ಟ್ ಅನ್ನೇ ಕೇಳಬೇಕು.